ಹಲ್ಲಿನ ಪಾಚಿಯ ಚಿಟಿಕೆಯಲ್ಲಿ ಏನಿದೆ? – ಸೂಕ್ಷ್ಮಾಣುಗಳ ಡಿ.ಎನ್.ಎ. ಪರೀಕ್ಷೆಯ ಬಗ್ಗೆ ತಿಳಿವಳಿಕೆ

(ದಂತ ವಿಭಾಗದಲ್ಲಿ ರೋಗಿಗಳು ಹಾಗೂ ಅವರ ಬಂಧುಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)



ಹಲ್ಲು, ವಸಡಿನ ತೊಂದರೆಗೆಂದು ಬಂದ ಕೆಲವರಿಂದ ಹಲ್ಲಿನ ಮೇಲಿನ ಪಾಚಿಯನ್ನು ಸ್ವಲ್ಪ ಕೆರೆದು ತೆಗೆದು, ಚಿಕ್ಕ ನಳಿಕೆಯಲ್ಲಿ ಹಾಕಿ, ಮಂಜುಗಡ್ಡೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳುಹಿಸುವುದುಂಟು. ಇದನ್ನು ಕಂಡವರು ಕೇಳುವ ಪ್ರಶ್ನೆಗಳು ಹಲವು. "ಹಲ್ಲ ತೋರಸಾಕ ಬಂದ್ರ ಹಲ್ಲಿನ ಹೊಲಸ ಯಾಕ ತಗೊಂಡ್ರಿ ಸಾಹೇಬ್ರ?" ಎಂದು ಕೆಲವರು ಕೇಳುತ್ತಾರೆ. "ಡಿ.ಎನ್.ಎ. ಅಂತ ಚೀಟಿ ಮ್ಯಾಲೆ ಬರದಾರ, ನಮ್ಮ ರಕ್ತಸಂಬಂಧ ಏನರ ನೋಡ್ತೀರೇನು?" ಎಂದು ಇನ್ನು ಕೆಲವರು ಆತಂಕಪಡುತ್ತಾರೆ. ಕೇಳುವುದು ಒಳ್ಳೆಯದೇ. ನಿಮ್ಮ ಬಾಯಿಂದ ತೆಗೆದ ವಸ್ತು ಏನಾಗುತ್ತದೆ ಎಂಬುದನ್ನು ತಿಳಿಯುವ ಹಕ್ಕು ನಿಮಗಿದೆ. ಆದ್ದರಿಂದ ಇಂದು ಅದನ್ನೇ ಮೊದಲಿನಿಂದ ಕೊನೆಯವರೆಗೆ ಹೇಳುತ್ತೇನೆ.

ಪಾಚಿ ಎಂದರೆ ಏನು?

ಬೆಳಿಗ್ಗೆ ಎದ್ದಾಗ ನಾಲಿಗೆಯನ್ನು ಹಲ್ಲಿನ ಮೇಲೆ ಆಡಿಸಿದರೆ ಲೋಳೆಯಂತಹ ಪದರ ತಾಗುತ್ತದೆ. ಅದೇ ಪಾಚಿ. ಡಾಕ್ಟರರು ಇದಕ್ಕೆ ಪ್ಲಾಕ್ ಎನ್ನುತ್ತಾರೆ. ಅನೇಕರು ಇದನ್ನು ಉಂಡ ಅನ್ನದ ಅಗುಳು ಎಂದು ತಿಳಿದಿದ್ದಾರೆ. ಹಾಗಲ್ಲ, ಅದು ಹೆಚ್ಚಾಗಿ ಜೀವಂತ ಸೂಕ್ಷ್ಮಾಣುಗಳ ಗುಂಪು. ಕೆರೆಯ ಮೆಟ್ಟಿಲಿನ ಕಲ್ಲಿಗೆ ಪಾಚಿ ಅಂಟಿಕೊಂಡಂತೆ ಇವು ಹಲ್ಲಿಗೆ ಅಂಟಿಕೊಂಡು, ತಮ್ಮದೇ ಅಂಟಿನಲ್ಲಿ ಮನೆ ಕಟ್ಟಿಕೊಂಡು ಬಾಳುತ್ತವೆ. ನೀರು ಮುಕ್ಕಳಿಸಿದರೆ ಅಗುಳು ಹೋಗುತ್ತದೆ, ಪಾಚಿ ಹೋಗುವುದಿಲ್ಲ. ಅದನ್ನು ತಿಕ್ಕಿಯೇ ತೆಗೆಯಬೇಕು. ತೆಗೆಯದೆ ಬಿಟ್ಟರೆ ಜೊಲ್ಲಿನಲ್ಲಿರುವ ಸುಣ್ಣದ ಅಂಶ ಸೇರಿ ಗಟ್ಟಿಯಾಗಿ ಗಾರೆಯಂತೆ ಕಟ್ಟುತ್ತದೆ. ಆಮೇಲೆ ಅದನ್ನು ಬ್ರಷ್ಷಿನಿಂದ ತೆಗೆಯಲಾಗದು, ದಂತವೈದ್ಯರೇ ತೆಗೆಯಬೇಕು.

ಈ ಜೀವಿಗಳನ್ನು ಮೊದಲು ಕಂಡು ಬರೆದಿಟ್ಟವರು ಹಾಲೆಂಡ್ ದೇಶದ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟೊನಿ ವಾನ್ ಲೇವನ್‌ಹುಕ್. ತಾವೇ ಮಾಡಿದ ಸೂಕ್ಷ್ಮದರ್ಶಕದಲ್ಲಿ ತಮ್ಮ ಹಲ್ಲಿನ ಪಾಚಿಯನ್ನು ನೋಡಿ, ಅದರಲ್ಲಿ ಓಡಾಡುವ ಜೀವಿಗಳಿವೆ ಎಂದು 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದರು. ಅವರು ದಿನವೂ ಉಪ್ಪಿನಿಂದ ಹಲ್ಲು ತಿಕ್ಕುತ್ತಿದ್ದವರು. ಜನ್ಮದಲ್ಲಿ ಹಲ್ಲು ತಿಕ್ಕದ ಒಬ್ಬ ಮುದುಕನ ಪಾಚಿಯನ್ನೂ ನೋಡಿದರು. ಅದರಲ್ಲಿ ಜೀವಿಗಳು ಕಿಕ್ಕಿರಿದಿದ್ದವು.

ಆದರೆ ಸೂಕ್ಷ್ಮದರ್ಶಕದಲ್ಲಿ ಕಾಣುವುದು ಆಕಾರ ಮಾತ್ರ. ಗುಂಡಗಿರುವುದು, ಕಡ್ಡಿಯಂತಿರುವುದು, ಸುರುಳಿಯಾಗಿರುವುದು ಎಂದು ಹೇಳಬಹುದು. ಅದರ ಹೆಸರೇನು, ವಸಡು ಕೆಡಿಸುವುದು ಇದೋ ಅದೋ ಎಂದು ಹೇಳುವುದು ಕಷ್ಟ. ಮನುಷ್ಯರ ಬಾಯಲ್ಲಿ ಇದುವರೆಗೆ 700ಕ್ಕಿಂತ ಹೆಚ್ಚು ಜಾತಿಯ ಬ್ಯಾಕ್ಟೀರಿಯಾಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ ಎಷ್ಟೋ ಜಾತಿಗಳು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯುವುದಿಲ್ಲ. ವಸಡಿನ ಸಂದಿಯ ಆಳದಲ್ಲಿರುವ ಕೆಲವಕ್ಕೆ ಗಾಳಿಯೇ ವಿಷ, ಹೊರಗೆ ತೆಗೆದರೆ ಸಾಯುತ್ತವೆ. ಆದ್ದರಿಂದ ಬೆಳೆಸಿ ನೋಡುವುದರ ಬದಲು ಅವುಗಳ ಡಿ.ಎನ್.ಎ. ತೆಗೆದು ಓದುವ ಕ್ರಮ ಬಂದಿದೆ. ಜೀವಿ ಸತ್ತರೂ ಅದರ ಡಿ.ಎನ್.ಎ. ಕೆಲಕಾಲ ಉಳಿದಿರುತ್ತದೆ.

ಡಿ.ಎನ್.ಎ. ಎಂದರೆ ಯಾರದು?

ಪ್ರತಿಯೊಂದು ಜೀವಿಯ ಕಣದಲ್ಲೂ ಅದರ ರೂಪ, ಕೆಲಸಗಳನ್ನು ಬರೆದಿಟ್ಟ ಉದ್ದನೆಯ ದಾರದಂತಹ ವಸ್ತು ಇರುತ್ತದೆ. ಅದೇ ಡಿ.ಎನ್.ಎ. ನಮಗೂ ಇದೆ, ಹೊಲದ ಜೋಳಕ್ಕೂ ಇದೆ, ಹಲ್ಲಿನ ಸೂಕ್ಷ್ಮಾಣುವಿಗೂ ಇದೆ. ಪಾಚಿಯ ಪರೀಕ್ಷೆಯಲ್ಲಿ ಹುಡುಕುವುದು ಸೂಕ್ಷ್ಮಾಣುಗಳ ಡಿ.ಎನ್.ಎ.ಯನ್ನೇ ಹೊರತು ನಿಮ್ಮ ರಕ್ತಸಂಬಂಧವನ್ನಲ್ಲ. ಆದರೂ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಪಾಚಿಯ ಜೊತೆ ವಸಡಿನ ಕೆಲವು ಕಣಗಳು, ಒಮ್ಮೊಮ್ಮೆ ಒಂದಿಷ್ಟು ರಕ್ತ ಬಂದೇ ಬರುತ್ತವೆ. ಆದ್ದರಿಂದ ನಿಮ್ಮ ಡಿ.ಎನ್.ಎ.ಯೂ ಸ್ವಲ್ಪ ಸೇರಿರುತ್ತದೆ. ಅದನ್ನು ಏನು ಮಾಡುತ್ತೀರಿ ಎಂದು ನೀವು ಕೇಳಬಹುದು, ಕೇಳಬೇಕು.

ಡಿ.ಎನ್.ಎ.ಯನ್ನು ಮೊತ್ತಮೊದಲು ಬೇರ್ಪಡಿಸಿದ್ದೂ ಒಂದು ಆಸ್ಪತ್ರೆಯ ಕಸದಿಂದಲೇ ಎಂದರೆ ನಿಮಗೆ ಆಶ್ಚರ್ಯವಾಗಬಹುದು. 1869ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಫ್ರೆಡ್ರಿಕ್ ಮೀಷರ್ ಅವರು ಜರ್ಮನಿಯ ಟ್ಯೂಬಿಂಗೆನ್ ಊರಿನಲ್ಲಿ, ಗಾಯಕ್ಕೆ ಕಟ್ಟಿ ಬಿಚ್ಚಿದ ಬಟ್ಟೆಗಳನ್ನು ತರಿಸಿಕೊಂಡು, ಅದರ ಕೀವಿನಿಂದ ಈ ವಸ್ತುವನ್ನು ಬೇರೆ ಮಾಡಿದರು. ಪ್ರೋಟೀನನ್ನು ಕರಗಿಸಲು ಹಂದಿಯ ಜಠರದ ರಸವನ್ನು ಬಳಸಿದರು. ಇಂದಿನ ಕ್ರಮವೂ ಮೂಲದಲ್ಲಿ ಅದೇ: ಕಣವನ್ನು ಒಡೆಯುವುದು, ಪ್ರೋಟೀನನ್ನು ಕರಗಿಸುವುದು, ಉಳಿದ ಡಿ.ಎನ್.ಎ.ಯನ್ನು ತೊಳೆದು ತೆಗೆಯುವುದು.

ಮಾದರಿ ತೆಗೆಯುವ ಮೊದಲು ನೀವು ಹೇಳಬೇಕಾದದ್ದು

ಮಾದರಿ ತೆಗೆಯಲು ಸೂಜಿ ಚುಚ್ಚುವುದಿಲ್ಲ. ಹಲ್ಲಿನ ಸುತ್ತ ಹತ್ತಿಯ ಸುರುಳಿ ಇಟ್ಟು ಜೊಲ್ಲು ತಾಗದಂತೆ ಮಾಡುತ್ತಾರೆ. ವಸಡಿನ ಒಳಗಿನ ಪಾಚಿ ಬೇಕಾದರೆ ಮೇಲಿನ ಪಾಚಿಯನ್ನು ಮೊದಲು ಒರೆಸಿ ತೆಗೆದು, ಆಮೇಲೆ ಸಣ್ಣ ಉಪಕರಣದಿಂದ ಕೆರೆಯುತ್ತಾರೆ. ಇಲ್ಲವೇ ಕಾಗದದ ತೆಳುವಾದ ಕಡ್ಡಿಯನ್ನು ಸಂದಿಯಲ್ಲಿ ಕೆಲವು ಸೆಕೆಂಡು ಇಟ್ಟು ತೆಗೆಯುತ್ತಾರೆ. ಸ್ವಲ್ಪ ಚುರುಕ್ ಎನ್ನಬಹುದು. ಊದಿಕೊಂಡ ವಸಡಾದರೆ ಒಂದೆರಡು ಹನಿ ರಕ್ತ ಬರಬಹುದು.

ಆದರೆ ಮೊದಲು ಈ ವಿಷಯಗಳನ್ನು ತಪ್ಪದೆ ತಿಳಿಸಿರಿ.

ಹೃದಯದ ಕವಾಟ ಬದಲಾಯಿಸಿಕೊಂಡವರು, ಹಿಂದೆ ಹೃದಯದ ಒಳಪದರಕ್ಕೆ ಸೋಂಕಾಗಿದ್ದವರು, ಹುಟ್ಟಿನಿಂದಲೇ ಹೃದಯದ ದೋಷ ಇರುವವರು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಬೇಕು. ವಸಡನ್ನು ಕೆದಕಿದಾಗ ಬಾಯಿಯ ಸೂಕ್ಷ್ಮಾಣುಗಳು ರಕ್ತಕ್ಕೆ ಸೇರುತ್ತವೆ. ಆರೋಗ್ಯವಂತರಿಗೆ ಇದರಿಂದ ತೊಂದರೆ ಇಲ್ಲ. ಆದರೆ ಕೃತಕ ಕವಾಟ ಇರುವವರಿಗೆ ಅವು ಅಲ್ಲಿ ಹೋಗಿ ನೆಲೆಸಿದರೆ ಪ್ರಾಣಕ್ಕೇ ಅಪಾಯ. ಅಂಥವರಿಗೆ ಮೊದಲೇ ಔಷಧಿ ಕೊಡಬೇಕೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿರುವವರೂ ತಿಳಿಸಬೇಕು. ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಕಳೆದ ಕೆಲವು ತಿಂಗಳಲ್ಲಿ ಆಂಟಿಬಯಾಟಿಕ್ ಗುಳಿಗೆ ತೆಗೆದುಕೊಂಡಿದ್ದರೆ ಹೇಳಿರಿ. ಜ್ವರಕ್ಕೆಂದು ಔಷಧಿ ಅಂಗಡಿಯವರೇ ಕೊಟ್ಟದ್ದಾದರೂ ಸರಿ, ಚೀಟಿ ಇದ್ದರೆ ತೋರಿಸಿರಿ. ಆ ಔಷಧಿ ಬಾಯಿಯ ಸೂಕ್ಷ್ಮಾಣುಗಳನ್ನೂ ಬದಲಾಯಿಸಿರುತ್ತದೆ. ಗುಟಕಾ, ತಂಬಾಕು, ಬೀಡಿಯ ಅಭ್ಯಾಸ ಇದ್ದರೆ ಸಂಕೋಚ ಬೇಡ, ಬೈಯಲು ಕೇಳುವುದಿಲ್ಲ. ಮಾದರಿ ಕೊಡುವ ದಿನ ಹಲ್ಲು ಯಾವಾಗ ತಿಕ್ಕಬೇಕು, ಯಾವಾಗ ಉಣ್ಣಬೇಕು ಎಂದು ಹೇಳಿರುತ್ತಾರೆ. ಮರೆತು ತಿಕ್ಕಿದ್ದರೆ "ತಿಕ್ಕೇನ್ರಿ" ಎಂದು ಹೇಳಿಬಿಡಿ. ಮತ್ತೊಂದು ದಿನ ತೆಗೆದರಾಯಿತು. ಇಲ್ಲಿ ನಿಜ ಹೇಳದಿದ್ದರೆ ಮುಂದೆ ಎಷ್ಟು ಬೆಲೆಯ ಯಂತ್ರವಿದ್ದರೂ ಉತ್ತರ ತಪ್ಪಾಗುತ್ತದೆ.

ಪ್ರಯೋಗಾಲಯದಲ್ಲಿ ಏನು ನಡೆಯುತ್ತದೆ?

ತೆಗೆಯುವ ಪಾಚಿ ಸಾಮಾನ್ಯವಾಗಿ ಒಂದು ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆ. ಒಂದು ಸಾಸಿವೆ ಕಾಳು ಇದಕ್ಕಿಂತ ಭಾರ. ಆದರೂ ಒಂದು ಮಿಲಿಗ್ರಾಂ ಪಾಚಿಯಲ್ಲಿ ಸುಮಾರು 10 ಕೋಟಿ ಸೂಕ್ಷ್ಮಾಣುಗಳಿರುತ್ತವೆ. ಇಷ್ಟು ಕೋಟಿ ಜೀವಿಗಳ ಡಿ.ಎನ್.ಎ. ಒಟ್ಟು ಮಾಡಿದರೆ ತೂಕ ಎಷ್ಟಾದೀತು? ಒಂದು ಗ್ರಾಂ ಅನ್ನು 40 ಲಕ್ಷ ಪಾಲು ಮಾಡಿದರೆ ಅದರಲ್ಲಿ ಸುಮಾರು ಒಂದು ಪಾಲು! ಅದೂ ಪೂರ್ತಿ ಕೈಗೆ ಸಿಕ್ಕುವುದಿಲ್ಲ. ಒಂದು ನಳಿಕೆಯಿಂದ ಇನ್ನೊಂದಕ್ಕೆ ಸುರಿಯುವಾಗಲೆಲ್ಲ ಒಂದಿಷ್ಟು ಅಂಟಿಕೊಂಡು ಉಳಿಯುತ್ತದೆ. ಎಣ್ಣೆಯನ್ನು ನಾಲ್ಕು ಪಾತ್ರೆಗೆ ಬದಲಾಯಿಸಿದರೆ ಕಡಿಮೆಯಾಗುವುದಿಲ್ಲವೇ, ಹಾಗೆ. ಆದ್ದರಿಂದ ಚಿಕ್ಕ ಮಾದರಿಯಲ್ಲಿ ಪಾತ್ರೆ ಬದಲಾಯಿಸುವುದು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಮೊದಲ ಕೆಲಸ ಕಣ ಒಡೆಯುವುದು. ಕೆಲವು ಸೂಕ್ಷ್ಮಾಣುಗಳ ಹೊರಗೋಡೆ ಬಾಳೆಹಣ್ಣಿನ ಸಿಪ್ಪೆಯಂತೆ, ಸುಲಭವಾಗಿ ಬಿಡುತ್ತದೆ. ಇನ್ನು ಕೆಲವದು ತೆಂಗಿನಕಾಯಿಯ ಚಿಪ್ಪಿನಂತೆ ದಪ್ಪ. ಹಲ್ಲಿನ ಮೇಲೆ ಹೇರಳವಾಗಿರುವ ಸ್ಟ್ರೆಪ್ಟೊಕಾಕಸ್ ಈ ಎರಡನೆಯ ಜಾತಿಗೆ ಸೇರಿದ್ದು. ಒಂದು ಬುಟ್ಟಿಯಲ್ಲಿ ಎರಡೂ ಇದ್ದು, ಬರಿಗೈಯಲ್ಲಿ ಸುಲಿಯಲು ಕೂತರೆ ಬಾಳೆಹಣ್ಣು ಮಾತ್ರ ಸುಲಿದೀತು. ಸುಲಿದದ್ದನ್ನಷ್ಟೇ ಎಣಿಸಿ "ಬುಟ್ಟಿಯಲ್ಲಿ ತೆಂಗಿನಕಾಯಿ ಇರಲೇ ಇಲ್ಲ" ಎಂದರೆ ಅದು ಸುಳ್ಳಾಗುತ್ತದೆ. ಒಡೆಯುವ ಕೆಲಸ ಸರಿಯಾಗದಿದ್ದರೆ ವರದಿಯೂ ಹೀಗೆಯೇ ದಾರಿ ತಪ್ಪಿಸುತ್ತದೆ.

ಅದಕ್ಕಾಗಿ ಎರಡು ಮೂರು ಉಪಾಯಗಳನ್ನು ಒಟ್ಟಿಗೆ ಮಾಡುತ್ತಾರೆ. ಒಂದು, ಲೈಸೊಜೈಮ್ ಎಂಬ ಕಿಣ್ವವನ್ನು ಹಾಕಿ ಗೋಡೆಯನ್ನು ಸಡಿಲಿಸುವುದು. 1922ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು ವಿವರಿಸಿದ ಈ ವಸ್ತು ನಮ್ಮ ಕಣ್ಣೀರಿನಲ್ಲಿದೆ, ಜೊಲ್ಲಿನಲ್ಲಿದೆ, ಕೋಳಿಮೊಟ್ಟೆಯ ಬಿಳಿಭಾಗದಲ್ಲಿದೆ. ಎರಡು, ಬಹಳ ಸಣ್ಣ ಮಣಿಗಳನ್ನು ಹಾಕಿ ನಳಿಕೆಯನ್ನು ಯಂತ್ರದಲ್ಲಿ ಜೋರಾಗಿ ಕುಲುಕುವುದು. ಮಣಿಗಳ ಏಟಿಗೆ ಚಿಪ್ಪು ಒಡೆಯುತ್ತದೆ. ಆದರೆ ಅತಿಯಾಗಿ ಕುಲುಕಿದರೆ ಒಳಗಿನ ಡಿ.ಎನ್.ಎ. ದಾರವೇ ತುಂಡುತುಂಡಾಗುತ್ತದೆ. ಮೂರು, ಸಾಬೂನಿನ ಗುಣದ ದ್ರಾವಣವನ್ನು ಹಾಕುವುದು. ಎಣ್ಣೆಯ ಜಿಡ್ಡನ್ನು ಸಾಬೂನು ಬಿಡಿಸುವಂತೆ ಇದು ಕಣದ ಪೊರೆಯನ್ನು ಬಿಡಿಸುತ್ತದೆ.

ಆಮೇಲೆ ಪ್ರೋಟೀನನ್ನು ಕರಗಿಸುವ ಇನ್ನೊಂದು ಕಿಣ್ವ ಹಾಕಿ ಸುಮಾರು 56 ಡಿಗ್ರಿ ಶಾಖದಲ್ಲಿ ಇಡುತ್ತಾರೆ. ಈಗ ನಳಿಕೆಯಲ್ಲಿ ಎಲ್ಲವೂ ಕಲಸಿಹೋಗಿದೆ. ಅದರಿಂದ ಡಿ.ಎನ್.ಎ.ಯನ್ನು ಮಾತ್ರ ಹಿಡಿಯಬೇಕು. ಉಪ್ಪಿನಂಶ ಹೆಚ್ಚಿರುವ ದ್ರಾವಣದಲ್ಲಿ ಡಿ.ಎನ್.ಎ. ಸಿಲಿಕಾಕ್ಕೆ, ಅಂದರೆ ಮರಳು, ಗಾಜಿನಲ್ಲಿರುವ ವಸ್ತುವಿಗೆ, ಅಂಟಿಕೊಳ್ಳುತ್ತದೆ. ಸಿಲಿಕಾದ ತೆಳು ಪದರದ ಮೂಲಕ ದ್ರಾವಣ ಹಾಯಿಸಿದರೆ ಡಿ.ಎನ್.ಎ. ಅಲ್ಲಿ ನಿಲ್ಲುತ್ತದೆ, ಕೊಳೆ ಕೆಳಗೆ ಹೋಗುತ್ತದೆ. ಮದ್ಯಸಾರದ ದ್ರಾವಣದಿಂದ ತೊಳೆದು, ಕೊನೆಗೆ ಒಂದು ಹನಿಯಷ್ಟು ದ್ರವದಲ್ಲಿ ಡಿ.ಎನ್.ಎ.ಯನ್ನು ಬಿಡಿಸಿಕೊಳ್ಳುತ್ತಾರೆ. ಹೆಚ್ಚು ದ್ರವ ಹಾಕಿದರೆ ತೆಳುವಾಗಿ ಕೆಲಸಕ್ಕೆ ಬಾರದು. ಅಷ್ಟೆಲ್ಲ ಶ್ರಮದ ಫಲ ಕಣ್ಣಿಗೆ ಏನೂ ಕಾಣದ ಆ ಒಂದು ಹನಿ.

ಹನಿಯನ್ನು ಓದುವುದು

ಒಂದು ಹನಿಯಲ್ಲಿನ ಇಷ್ಟು ಕಡಿಮೆ ಡಿ.ಎನ್.ಎ.ಯನ್ನು ಹೆಚ್ಚಿಸಿಕೊಳ್ಳಬೇಕು. 2020ರಲ್ಲಿ ಕೊರೊನಾ ಬಂದಾಗ ಆರ್.ಟಿ.ಪಿ.ಸಿ.ಆರ್. ಎಂಬ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಅದರಲ್ಲಿರುವ ಪಿ.ಸಿ.ಆರ್. ಎಂಬ ವಿಧಾನವೇ ಇಲ್ಲಿಯೂ ಬಳಕೆಯಾಗುತ್ತದೆ. 1983ರಲ್ಲಿ ಅಮೆರಿಕದ ಕ್ಯಾರಿ ಮುಲ್ಲಿಸ್ ಅವರು ಇದನ್ನು ಕಂಡುಹಿಡಿದರು, 1993ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಪ್ರತಿ ಸುತ್ತಿಗೆ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. 30 ಸುತ್ತು ಹೀಗೆಯೇ ನಡೆದರೆ ಒಂದು ತುಣುಕಿನಿಂದ 107 ಕೋಟಿಗೂ ಹೆಚ್ಚು ತುಣುಕುಗಳಾಗುತ್ತವೆ.

ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ ಸುಮಾರು 1,500 ಅಕ್ಷರಗಳ ಒಂದು ತುಣುಕನ್ನು ಓದಿದರೆ ಅದು ಯಾವ ಜಾತಿಯದು ಎಂದು ಹೆಚ್ಚಿನ ಮಟ್ಟಿಗೆ ತಿಳಿಯುತ್ತದೆ. ನಮ್ಮ ಕಡೆ ಅಡ್ಡಹೆಸರು ಕೇಳಿ ಯಾವ ಊರಿನವರು, ಯಾವ ಮನೆತನದವರು ಎಂದು ಹೇಳುವುದಿಲ್ಲವೇ, ಹಾಗೆ. ಈ ರೀತಿ ವಸಡಿನ ರೋಗ ಇರುವಲ್ಲಿ ಹೆಚ್ಚಾಗಿ ಕಾಣಸಿಗುವ ಪಾರ್ಫಿರೊಮೊನಾಸ್ ಜಿಂಜಿವಾಲಿಸ್ ಮುಂತಾದವನ್ನು ಗುರುತಿಸಬಹುದು.

ಆದರೆ ಹೆಚ್ಚಿಸುವ ಈ ಶಕ್ತಿಯೇ ಒಂದು ಅಪಾಯವನ್ನೂ ತರುತ್ತದೆ. ತಂತ್ರಜ್ಞರ ಕೈಯಿಂದ, ಗಾಳಿಯ ಧೂಳಿನಿಂದ, ಬಳಸುವ ದ್ರಾವಣದಿಂದಲೂ ಹೊರಗಿನ ಡಿ.ಎನ್.ಎ. ಬೆರೆತರೆ ಅದೂ ಕೋಟಿಯಾಗಿ ಬೆಳೆಯುತ್ತದೆ. ಶುದ್ಧವೆಂದು ಕೊಂಡ ಕಿಟ್‌ಗಳಲ್ಲೇ ಬ್ಯಾಕ್ಟೀರಿಯಾದ ಡಿ.ಎನ್.ಎ. ಇರುತ್ತದೆ, ಮಾದರಿ ಚಿಕ್ಕದಾದಷ್ಟೂ ಅದು ಹೆಚ್ಚು ಮೋಸ ಮಾಡುತ್ತದೆ ಎಂದು ವಿಜ್ಞಾನಿಗಳು 2014ರಲ್ಲಿ ತೋರಿಸಿಕೊಟ್ಟರು. ಆದ್ದರಿಂದ ಒಳ್ಳೆಯ ಪ್ರಯೋಗಾಲಯದಲ್ಲಿ ಪಾಚಿ ಹಾಕದ ಖಾಲಿ ನಳಿಕೆಯನ್ನೂ ಎಲ್ಲ ಹಂತಗಳಲ್ಲಿ ಜೊತೆಗೇ ಒಯ್ಯುತ್ತಾರೆ. ಅದರಲ್ಲಿ ಕಂಡದ್ದು ನಿಮ್ಮ ಬಾಯಿಯದಲ್ಲ ಎಂದು ತಿಳಿಯುತ್ತದೆ.

ಈ ಪರೀಕ್ಷೆಯಿಂದ ಆಗದ ಕೆಲಸ

ಇಷ್ಟೆಲ್ಲ ಕೇಳಿದ ಮೇಲೆ "ಹಾಗಾದ್ರ ನಮಗೂ ಮಾಡ್ರಿ" ಎಂದು ಕೆಲವರು ಕೇಳಬಹುದು. ಇದು ಎಲ್ಲರಿಗೂ ಬೇಕಾದ ಪರೀಕ್ಷೆಯಲ್ಲ. ಹೆಚ್ಚಾಗಿ ಸಂಶೋಧನೆಗೆ ಬಳಸುವಂಥದ್ದು. ವಸಡಿನ ರೋಗವನ್ನು ವೈದ್ಯರು ಕಣ್ಣಿನಿಂದ ನೋಡಿ, ಸಂದಿಯ ಆಳವನ್ನು ಅಳೆದು, ಎಕ್ಸ್-ರೇ ತೆಗೆದು ಗುರುತಿಸುತ್ತಾರೆ. ಡಿ.ಎನ್.ಎ. ಸಿಕ್ಕಿತೆಂದರೆ ಆ ಜೀವಿ ಬದುಕಿತ್ತು ಎಂದೂ ಅಲ್ಲ, ಸತ್ತದ್ದರ ಡಿ.ಎನ್.ಎ.ಯೂ ಎಣಿಕೆಗೆ ಬರುತ್ತದೆ. ಕೆಟ್ಟದ್ದೆಂಬ ಹೆಸರಿನ ಸೂಕ್ಷ್ಮಾಣು ಆರೋಗ್ಯವಂತರ ಬಾಯಲ್ಲೂ ಒಂದಿಷ್ಟು ಇರಬಹುದು. ವರದಿಯಲ್ಲಿ ಯಾವ ಹೆಸರೇ ಬರಲಿ, ಬಹುಮಟ್ಟಿಗೆ ಚಿಕಿತ್ಸೆ ಒಂದೇ: ಪಾಚಿ, ಗಾರೆಯನ್ನು ತೆಗೆಯುವುದು ಮತ್ತು ಮತ್ತೆ ಕೂಡದಂತೆ ನೋಡಿಕೊಳ್ಳುವುದು.

ಇದಕ್ಕೆ ಒಂದು ಹಳೆಯ ಪ್ರಯೋಗವೇ ಸಾಕ್ಷಿ. 1965ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನದಲ್ಲಿ ಹರಾಲ್ಡ್ ಲೋ ಮತ್ತು ಅವರ ಸಂಗಡಿಗರು ವಸಡು ಚೆನ್ನಾಗಿದ್ದ 12 ಜನರಿಗೆ ಹಲ್ಲು ತಿಕ್ಕುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳ ಒಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ತಿಕ್ಕಲು ಆರಂಭಿಸಿದಾಗ ಕೆಲವೇ ದಿನಗಳಲ್ಲಿ ವಾಸಿಯಾಯಿತು. ಆ ಕಾಲದಲ್ಲಿ ಪಿ.ಸಿ.ಆರ್. ಇರಲಿಲ್ಲ, ಯಾವ ಸೂಕ್ಷ್ಮಾಣುವಿನ ಡಿ.ಎನ್.ಎ.ಯನ್ನೂ ಅವರು ಓದಿರಲಿಲ್ಲ. ವಾಸಿ ಮಾಡಿದ್ದು ಬ್ರಷ್ಷು.

ಒಪ್ಪಿಗೆ ನಿಮ್ಮದು

ಸಂಶೋಧನೆಗೆ ಮಾದರಿ ಕೊಡುವುದು ಕಡ್ಡಾಯವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯಂತೆ, ನಿಮಗೆ ತಿಳಿಯುವ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಿ ಒಪ್ಪಿಗೆ ಪಡೆಯಬೇಕು. ಓದಲು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಿ ಹೆಬ್ಬೆಟ್ಟು ಪಡೆಯಬೇಕು. ಬೇಡವೆಂದರೂ, ಒಪ್ಪಿ ಆಮೇಲೆ ಹಿಂದೆ ಸರಿದರೂ ನಿಮ್ಮ ಚಿಕಿತ್ಸೆಯಲ್ಲಿ ಯಾವ ಕೊರತೆಯೂ ಆಗಬಾರದು. ಆದ್ದರಿಂದ ಸಹಿ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿರಿ: ಮಾದರಿಯನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ? ನನ್ನ ಹೆಸರು ಅದರ ಮೇಲೆ ಇರುತ್ತದೆಯೇ? ನನ್ನ ಸ್ವಂತ ಡಿ.ಎನ್.ಎ.ಯನ್ನು ಓದುತ್ತೀರಾ? ತೃಪ್ತಿಯಾಗುವ ಉತ್ತರ ಸಿಕ್ಕರೆ ಸಂತೋಷದಿಂದ ಕೊಡಿರಿ. ನೀವು ಕೊಟ್ಟ ಚಿಟಿಕೆ ಪಾಚಿಯಿಂದ ಮುಂದೆ ಇನ್ನೊಬ್ಬರಿಗೆ ಉಪಕಾರವಾದೀತು.

ಮನೆಯಲ್ಲಿ, ವಾರ್ಡಿನಲ್ಲಿ ನೀವು ಮಾಡಬೇಕಾದದ್ದು

ದಿನಕ್ಕೆ ಎರಡು ಸಲ, ಮೃದುವಾದ ಬ್ರಷ್ಷು ಮತ್ತು ಫ್ಲೋರೈಡ್ ಇರುವ ಪೇಸ್ಟಿನಿಂದ ಎರಡು ನಿಮಿಷ ಹಲ್ಲು ತಿಕ್ಕಿರಿ. ರಾತ್ರಿ ಮಲಗುವ ಮುಂಚಿನದು ಬಹಳ ಮುಖ್ಯ. ಹಲ್ಲು ಮತ್ತು ವಸಡು ಕೂಡುವ ಅಂಚಿನಲ್ಲಿಯೇ ಪಾಚಿ ಹೆಚ್ಚು. ಇದ್ದಿಲು, ಇಟ್ಟಿಗೆ ಪುಡಿ, ತಂಬಾಕಿನ ಪುಡಿ ಬೇಡ. ತಿಕ್ಕುವಾಗ ರಕ್ತ ಬಂದರೆ ತಿಕ್ಕುವುದನ್ನು ಬಿಡಬೇಡಿ, ಅದು ವಸಡಿನ ರೋಗದ ಮೊದಲ ಸೂಚನೆ, ಬಂದು ತೋರಿಸಿರಿ. ಬೀಡಿ ಸಿಗರೇಟು ಸೇದುವವರಲ್ಲಿ ರಕ್ತ ಕಡಿಮೆ ಕಾಣುತ್ತದೆ, ರೋಗ ಮಾತ್ರ ಒಳಗೊಳಗೇ ಬೆಳೆಯುತ್ತಿರುತ್ತದೆ.

"ಹಲ್ಲು ಕ್ಲೀನ್ ಮಾಡಿಸಿದ್ರ ಹಲ್ಲು ಸಡಿಲ ಆಗ್ತಾವ" ಎಂಬ ಹೆದರಿಕೆ ಹಲವರಲ್ಲಿದೆ. ಹಲ್ಲು ಸಡಿಲವಾಗಿದ್ದರೆ ಅದಕ್ಕೆ ಕಾರಣ ಒಳಗಿನ ಮೂಳೆ ಸವೆದಿರುವುದು. ಗಾರೆ ಹೋದಾಗ ಅದು ಬಯಲಿಗೆ ಬರುತ್ತದೆ ಅಷ್ಟೇ.

ಸಕ್ಕರೆ ಕಾಯಿಲೆಯವರು ಇನ್ನೂ ಎಚ್ಚರವಾಗಿರಬೇಕು. ಸಕ್ಕರೆ ಹೆಚ್ಚಿದ್ದರೆ ವಸಡು ಬೇಗ ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ. ವಸಡಿಗೆ ಸರಿಯಾದ ಚಿಕಿತ್ಸೆ ಮಾಡಿಸಿದವರಲ್ಲಿ ಸಕ್ಕರೆಯ ಮಟ್ಟವೂ ಸ್ವಲ್ಪ ಇಳಿಯುವುದು ಕಂಡುಬಂದಿದೆ.

ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಬಂಧುಗಳಿಗೆ ಒಂದು ಮಾತು. ಮೈ ಒರೆಸುತ್ತೀರಿ, ಬಟ್ಟೆ ಬದಲಾಯಿಸುತ್ತೀರಿ, ಬಾಯಿಯನ್ನು ಮರೆಯುತ್ತೀರಿ. ನುಂಗಲು ಕಷ್ಟಪಡುವ ವೃದ್ಧರಲ್ಲಿ ಬಾಯಿಯ ಪಾಚಿಯ ಸೂಕ್ಷ್ಮಾಣುಗಳು ಜೊಲ್ಲಿನೊಡನೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಲ್ಲವು. ದಿನಕ್ಕೆ ಎರಡು ಸಲ ಅವರ ಹಲ್ಲು, ವಸಡು, ನಾಲಿಗೆಯನ್ನು ಸ್ವಚ್ಛ ಮಾಡಿರಿ. ತಲೆಯನ್ನು ಒಂದು ಮಗ್ಗುಲಿಗೆ ತಿರುಗಿಸಿರಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಹೇಗೆ ಮಾಡಬೇಕೆಂದು ವಾರ್ಡಿನ ಸಿಸ್ಟರ್ ಅವರನ್ನು ಕೇಳಿದರೆ ತೋರಿಸಿಕೊಡುತ್ತಾರೆ. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ರಾತ್ರಿ ತೆಗೆದು, ತೊಳೆದು, ನೀರಿನಲ್ಲಿಡಿ.

ನಾಳೆ ಬೆಳಿಗ್ಗೆ ನಿಮ್ಮ ರೋಗಿಗೆ ಚಹಾ ಕೊಡುವ ಮೊದಲು ಬಾಯಿ ಸ್ವಚ್ಛ ಮಾಡಿಸಿರಿ, ನೀವೂ ಮಾಡಿಕೊಳ್ಳಿರಿ. ಕೇಳುವುದೇನಾದರೂ ಉಳಿದಿದ್ದರೆ ದಂತ ವಿಭಾಗಕ್ಕೆ ಬಂದು ಕೇಳಿರಿ.